ಅಲಿಗೊದಲ್ಲಿ ಎದ್ದ ಅಲೆ

ಪ್ರವಾಸಿಗರ ಬಸ್ಸು ಮನೆಗಂಟಿದ ಹೋಟೆಲಿನ ಅಂಗಳದಲ್ಲಿ ಬಂದು ನಿಂತಾಗ ಗಾಸ್ತೋನ್ ಹಿಂಬಾಗಿಲಲ್ಲಿ ಕೋಟು ತೊಡುತ್ತಿದ್ದ.

“ಎಲ್ಲಿಗೆ ಹೊರಟೆ?” ಹೆಂಡತಿ ನೊಯೆಮಿ ಅಡ್ಡ ಬಂದು ನಿಂತಳು.

“ಲೂಸಿಯಾನ್ ಮನೆಗೆ. ಅವನ ಹಸು ಹೊಟ್ಟೇಲಿ ಕರು ಅಡ್ಡ ಬಿದ್ದಿದೆಯಂತೆ. ಒಬ್ಬನೇ ಒದ್ದಾಡ್ತಿದಾನೆ.”

“ಹುಟ್ಟಿದಾಗಿಂದ ದನಗಳ ಜೊತೆ ಬೆಳೆದವನಿಗೆ ಕರು ಹಾಕಿಸೋದು ನೀನು ಹೇಳಿಕೊಡ್ಬೇಕಾ? ಅವನು ಬರಲ್ಲ ಅಂದ್ಮೇಲೆ ಇವತ್ತು ಅಲಿಗೊ ಎಳೆಯೋರು ಯಾರು?”

ಗಾಸ್ತೋನ್ ಕೋಟಿನ ಇನ್ನೊಂದು ತೋಳು ತೂರಿಸಿದ. ಅರೆದ ಆಲೂಗಡ್ಡೆಗೆ ಎಳೆಯ ಚೀಸು ಬೆರೆಸಿ, ತೋಳು ಸೋಲುವವರೆಗೆ ತಿರುವಿ, ಕೊನೆಗೆ ಉದ್ದನೆಯ ಮರದ ಸೌಟಿನಲ್ಲಿ ಆ ಅಲಿಗೊವನ್ನು ಆಳೆತ್ತರಕ್ಕೆ ಎಳೆದು ತೋರಿಸುವುದಕ್ಕೆ ಇಡೀ ಒಬ್ರಾಕ್ ಗುಡ್ಡದಲ್ಲಿ ಅವನದೇ ಹೆಸರು. ಅಂಥವನು ಹಿಮ ಕರಗಿದ ಮೇಲೆ ಆ ಸೌಟನ್ನು ನೆರೆಮನೆಯ ಲೂಸಿಯಾನನ ಕೈಗೆ ಕೊಟ್ಟುಬಿಟ್ಟಿದ್ದ. ಕೇಳಿದರೆ ಬೆನ್ನುನೋವು ಅನ್ನುತ್ತಿದ್ದ. ಆಲೂಗಡ್ಡೆಯ ಮೂಟೆ ಹೊರುವಾಗ ಇಲ್ಲದ ಬೆನ್ನುನೋವು.

ಅಷ್ಟೇ ಆಗಿದ್ದರೆ ನೊಯೆಮಿ ಸುಮ್ಮನಿರುತ್ತಿದ್ದಳೇನೋ. ಅವನು ಈಗ ಅವಳ ಜೊತೆ ಊಟಕ್ಕೆ ಕೂರುತ್ತಿರಲಿಲ್ಲ. “ನೀನು ತಿನ್ನು, ನನಗಿನ್ನೂ ಹಸಿವಿಲ್ಲ” ಎಂದು ಎದ್ದು ಹೋಗಿ, ಆಮೇಲೆ ಅಡಿಗೆಮನೆಯ ಬಾಗಿಲು ಹಾಕಿಕೊಂಡು ಒಬ್ಬನೇ ತಿನ್ನುತ್ತಿದ್ದ. ಮುಂದೆ ವೈನು ಇಟ್ಟರೆ ಮುಟ್ಟುತ್ತಿರಲಿಲ್ಲ. ಗುರುವಾರ ಬಂತೆಂದರೆ ಮಾತ್ರ ಒಗೆದ ಅಂಗಿ ತೊಟ್ಟು ಕೆಳಗೆ ಎಸ್ಪಾಲಿಯೋನ್ ಪೇಟೆಗೆ ಇಳಿಯುತ್ತಿದ್ದ. ಅಲ್ಲಿನ ಔಷಧಿ ಅಂಗಡಿಯಲ್ಲಿ ಒಬ್ಬ ವಿಧವೆ ಇದ್ದಳು. ಚೆನ್ನಾಗಿ ನಗುವವಳು. ಆ ವಿಧವೆಯ ಹೆಸರನ್ನು ನೊಯೆಮಿ ಬಾಯಿಬಿಟ್ಟು ಹೇಳಿದವಳೇ ಅಲ್ಲ. ಆದರೆ ಅದು ದಿನವಿಡೀ ಅವಳ ಗಂಟಲಲ್ಲಿ ಮೇಲೆ ಕೆಳಗೆ ಓಡಾಡುತ್ತಿತ್ತು. ಕೂತರೆ ನಿಲ್ಲಬೇಕೆನಿಸುತ್ತಿತ್ತು, ನಿಂತರೆ ಎಲ್ಲಿಗಾದರೂ ನಡೆದುಬಿಡಬೇಕೆನಿಸುತ್ತಿತ್ತು.

“ಇವತ್ತು ಗುರುವಾರ ಅಲ್ವಲ್ಲ ಮಾರಾಯ,” ಎಂದಳು. “ಇವತ್ತಾದ್ರೂ ಮನೇಲಿರು.”

ಗಾಸ್ತೋನ್ ಅವಳ ಮುಖವನ್ನೇ ನೋಡಿದ. ಕೋಟು ತೆಗೆದು ಕುರ್ಚಿಯ ಮೇಲೆ ಎಸೆದ.

ಹೊರಗೆ ಬೆಲ್ಜಿಯಮ್ಮಿನಿಂದ ಬಂದವರು ಉದ್ದನೆಯ ಮೇಜುಗಳ ಸುತ್ತ ಗಲಗಲ ಅನ್ನುತ್ತಿದ್ದರು. ಜೆನ್ಷನ್ ಗಿಡದ ಬೇರಿನ ಮದ್ಯವನ್ನು ಒಂದು ಗುಟುಕು ಹೀರಿದ ದಪ್ಪನೆಯ ಮನುಷ್ಯನೊಬ್ಬ ಮುಖ ಹಿಂಡಿ, “ಅಯ್ಯೋ, ಇದೇನು ಔಷಧೀನಾ?” ಎಂದು ಕೂಗಿದ.

“ಔಷಧಿ ಇಷ್ಟು ಕಹಿ ಇರಲ್ಲ ಸ್ವಾಮಿ,” ಎಂದಳು ನೊಯೆಮಿ. ಮೇಜು ಪೂರ್ತಿ ನಕ್ಕಿತು. ಅವಳಿಗೆ ನಗು ಬರಲಿಲ್ಲ.

ಬಿಸಿ ತಾಮ್ರದ ಕೊಪ್ಪರಿಗೆಯನ್ನು ನಡುವೆ ತಂದಿಟ್ಟರು. ಗಾಸ್ತೋನ್ ಸೌಟು ಹಿಡಿದು ಒಮ್ಮೆ ಉಸಿರೆಳೆದುಕೊಂಡು ಎತ್ತಿದ. ಬಿಳಿಯ ಅಲಿಗೊ ಹೊದಿಕೆಯ ಹಾಗೆ ಮೇಲೆದ್ದಿತು. ಸೌಟು ಎದೆಯ ಮಟ್ಟ ದಾಟಿದ್ದೇ ತಡ, ಅವನ ಬಲಗೈ ನಡುಗಲು ಶುರುವಾಯಿತು. ಗಾಳಿಗೆ ಸಿಕ್ಕ ಎಲೆಯ ನಡುಕ. ಅದು ಸೌಟಿಗೆ ಇಳಿಯಿತು, ಸೌಟಿನಿಂದ ಅಲಿಗೊಗೆ ಇಳಿಯಿತು. ಮೇಲಿನಿಂದ ಕೆಳಗೆ ಅಲೆಯ ಮೇಲೆ ಅಲೆ ಹರಿಯಿತು.

ಯಾರೋ “ಆಹಾ!” ಅಂದರು. ಚಪ್ಪಾಳೆ ಬಿತ್ತು. ಫೋನುಗಳು ಮೇಲೆದ್ದವು.

ಸಾಸೇಜಿನ ತಟ್ಟೆ ಹಿಡಿದು ನಿಂತಿದ್ದ ನೊಯೆಮಿಗೆ ಬಾಗಿಲು ಹಾಕಿಕೊಂಡ ಊಟ, ಮುಟ್ಟದ ಗ್ಲಾಸು, ಪೇಟೆಯ ಗುರುವಾರಗಳು ಎಲ್ಲ ಒಟ್ಟಿಗೆ ತಿಳಿದವು. ಬೇರೆ ಹೆಂಗಸಿಲ್ಲ ಎಂಬ ನಿರಾಳ ಮೊದಲು ಬಂತು. ಬೆನ್ನಿಗೇ ಬಂದ ಭಯ ಅದನ್ನು ನುಂಗಿಹಾಕಿತು.

ಮುಂದಿನ ಸಾಲಿನ ಹೆಂಗಸೊಬ್ಬಳು ಕೇಳಿದಳು: “ಯಜಮಾನ್ರೇ, ಈ ಅಲೆ ಬರಿಸೋದನ್ನ ಎಷ್ಟು ವರ್ಷ ಕಲಿತ್ರಿ?”

“ಕಲಿತದ್ದಲ್ಲಮ್ಮಾ,” ಎಂದ ಗಾಸ್ತೋನ್. “ತಾನಾಗೇ ಬಂತು.”

ಎಲ್ಲರೂ ಗೊಳ್ಳೆಂದರು. “ಇನ್ನೊಂದ್ಸಲ! ಇನ್ನೊಂದ್ಸಲ!”

ನೊಯೆಮಿ ತಟ್ಟೆಯನ್ನು ಸಿಕ್ಕಿದ ಮೇಜಿನ ಮೇಲೆ ಇಟ್ಟು ಅವನ ಹತ್ತಿರ ಬಂದಳು.

“ಪೇಟೆ ಡಾಕ್ಟ್ರು ಏನಂದ್ರು?”

“ವಾಸಿ ಆಗೋ ಕಾಯಿಲೆ ಅಲ್ವಂತೆ.”

“ನನಗೆ ಯಾಕೆ ಹೇಳ್ಲಿಲ್ಲ?”

“ಹೇಳ್ಬೇಕು ಅಂತಾನೇ ಇದ್ದೆ. ನಿನ್ನ ಎದುರಿಗೆ ಮೈಮೇಲೆ ಚೆಲ್ಕೊಂಡು ತಿನ್ನೋಕೆ ಮನಸ್ಸು ಬರ್ಲಿಲ್ಲ ಕಣೆ.”

“ನಾನು ಏನೇನೋ ಅಂದ್ಕೊಂಡಿದ್ದೆ.”

“ಗೊತ್ತು,” ಎಂದ ಅವನು. “ಅದೇ ವಾಸಿ ಅನ್ನಿಸ್ತು.”

ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಎರಡೂ ಕೈಯಲ್ಲಿ ಅವನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು.

“ಬಿಡು ನೊಯೆಮಿ. ಅವರು ಅಲೆ ನೋಡೋಕೆ ಕಾಯ್ತಿದಾರೆ.”

ಅವಳು ಬಿಡಲಿಲ್ಲ. ಇಬ್ಬರೂ ಸೇರಿ ಸೌಟು ಎತ್ತಿದರು. ಅಲಿಗೊ ಒಂದಿಷ್ಟೂ ಅಲುಗದೆ ನೆಟ್ಟಗೆ ಮೇಲೆದ್ದಿತು. ಅಲೆಗೆ ಕಾದು ನಿಂತಿದ್ದವರು ಒಬ್ಬೊಬ್ಬರಾಗಿ ಫೋನು ಕೆಳಗಿಳಿಸಿ, ಊಟಕ್ಕೆ ಕೂತರು.