ಕಿತ್ತಳೆ ಪಟ್ಟಿ

ತೀರಿಕೊಂಡ ಚಿಕ್ಕಮ್ಮನ ಕೋಟು ತೊಟ್ಟು ಕೋರಾ ಸೇಬಿನ ಹೋಳು ಚಾಚಿದ್ದಕ್ಕೇ ಜಿಂಕೆ ನಂಬಿ ಬಂತು. ನಾಳೆ ಬೇಟೆಯ ಕಾಲ ಶುರು. ಪಕ್ಕದ ಮನೆಯಲ್ಲೇ ಇದ್ದ ಆ ಆರ್ಡಿಸ್ ಚಿಕ್ಕಮ್ಮ ಬದುಕಿದ್ದಷ್ಟು ಕಾಲ ಪ್ರತಿ ನವೆಂಬರಿನಲ್ಲೂ ಈ ಜಿಂಕೆಯ ಕೊರಳಿಗೆ ಕಿತ್ತಳೆ ಬಣ್ಣದ ಪಟ್ಟಿ ಕಟ್ಟುತ್ತಿದ್ದರು. ಅದನ್ನು ಕಂಡರೆ ಊರಿನವರು ಗುಂಡು ಹಾರಿಸುತ್ತಿರಲಿಲ್ಲ. ಈಗ ಪಟ್ಟಿ ಕೋರಾಳ ಕೈಯಲ್ಲಿತ್ತು.

ಬೇಲಿಯಾಚೆಯಿಂದ ಮುದುಕ ವೆಂಡೆಲ್ ನಕ್ಕ. "ಕಟ್ಟಿ ಏನ್ ಬಂತಮ್ಮಾ? ನಿನ್ ಚಿಕ್ಕಮ್ಮನ ಮುಖ ನೋಡಿ ನಾವು ಸುಮ್ನಿದ್ವಿ. ಈ ಸಲ ಬಂದಿರೋರು ಹೊರಗಿನೋರು. ಈ ಜಿಂಕೇನೋ, ತಾನಾಗೇ ಹೋಗಿ ಅವರ ಬಂದೂಕು ಮೂಸುತ್ತೆ."

"ಮತ್ತೇನ್ ಮಾಡ್ಲಿ?"

"ಮನುಷ್ಯರಿಗೆ ಹೆದರೋದು ಕಲಿಸು."

ಜಿಂಕೆ ಸೇಬು ತಿಂದು ಕೋಟಿನ ತೋಳಿಗೆ ಮೂಗು ಒತ್ತಿತು. ಕೋರಾ ಬಗ್ಗಿ, ಕಲ್ಲೆತ್ತಿ ಅದರ ಪಕ್ಕೆಗೆ ಹೊಡೆದಳು. ಅದು ಬೆಚ್ಚಿ ಹಾರಿ, ತಿರುಗಿ ನೋಡಿ, ಮತ್ತೆ ಅವಳ ಬಳಿಗೇ ಬಂತು.

ಅವಳು ಇನ್ನೂ ದೊಡ್ಡ ಕಲ್ಲು ಹುಡುಕಿದಳು.