ಎರಡು ಬೆರಳು ಹೆಚ್ಚು

"ತೊಡೆ ಉದ್ದ ಜಾಸ್ತಿ ಕಣೇ. ಪೈಲಟ್ ಸೀಟಲ್ಲಿ ನೀನು ಹಿಡಿಸಲ್ಲ. ಹಡಗು ಅಂತಲೇ ಬರಿ," ಅಂದಳು ಟೈಲರ್ ಅಮ್ಮ.

ನೌಕಾಪಡೆ ಸೇರಿದ್ದ ಮಗಳು ಹಡಗೋ ವಿಮಾನವೋ ಎಂದು ಬರೆದು, ಮೈಯಳತೆ ಸಮೇತ ಸಂಜೆಯೊಳಗೆ ಕಳಿಸಬೇಕಿತ್ತು. ತಿಂಗಳಿಂದ ಅತ್ತಿತ್ತ ಓಲಾಡುತ್ತಿದ್ದವಳಿಗೆ ಈಗ ಎದೆ ಧಸಕ್ಕೆಂದಿತು. ಹಾರುವ ಆಸೆ ಇಷ್ಟೊಂದಿತ್ತೆಂದು ಅವಳಿಗೇ ಗೊತ್ತಿರಲಿಲ್ಲ. ತಲೆ ಬಗ್ಗಿಸಿ ನೋಡಿದರೆ, ಟೇಪು ಹಿಡಿದ ಅಮ್ಮನ ಹೆಬ್ಬೆರಳು ಮೊಣಕಾಲು ದಾಟಿ ಎರಡು ಬೆರಳು ಮುಂದಿತ್ತು. ಅರ್ಧ ಬೆರಳು ತಪ್ಪಿದರೂ ಕೆಲಸದವರ ಮೇಲೆ ಕತ್ತರಿ ಎಸೆಯುವ ಅಮ್ಮ!

"ಅಮ್ಮಾ, ಇದೇನಿದು?"

"ವಿಮಾನ ಸಮುದ್ರಕ್ಕೆ ಬಿದ್ರೆ ನಿನ್ನ ಎಲ್ಲೀಂತ ಹುಡುಕಲೇ?" ಅಮ್ಮ ಸಿಡುಕಿದಳು.

ಮಗಳು ಆ ಹೆಬ್ಬೆರಳನ್ನು ಹಿಡಿದು ಮೊಣಕಾಲಿಗೆ ತಂದಿಟ್ಟಳು. "ಈಗ ಓದಿ ಹೇಳು."