ಮನೆಯಲ್ಲಿ ಆಡದೆ ಉಳಿಸಿದ ಮಾತು

ಚಿದಂಬರ ಅವರ ಮುಖ ಯಾರಿಗೂ ಗೊತ್ತಿರಲಿಲ್ಲ... ದನಿ ಮಾತ್ರ ಎಲ್ಲರಿಗೂ ಗೊತ್ತಿತ್ತು.

ಮೊದಲು ಜಾಹೀರಾತುಗಳಲ್ಲಿ, ಆಮೇಲೆ ಡಬ್ಬಿಂಗ್ ಸೀರಿಯಲ್‌ಗಳಲ್ಲಿ ರಾಜನಾಗಿ, ಋಷಿಯಾಗಿ, ನಾಯಕಿಯ ಅಪ್ಪನಾಗಿ ಮಾತಾಡುತ್ತಿದ್ದವರು ಅವರೇ.

ತಿಂಗಳ ಸಂಬಳದ ನೌಕರಿಯಲ್ಲ. ಒಂದು ಸೀರಿಯಲ್ ಮುಗಿದರೆ ಕಾಂಟ್ರಾಕ್ಟ್ ಮುಗಿಯಿತು. ಇನ್ನೊಂದು ಸಿಗುವವರೆಗೆ ಮನೆ.

ದನಿಯೇ ಅನ್ನ. ಹಾಗಾಗಿ ಅದನ್ನು ಹಸುಗೂಸಿನಂತೆ ಜೋಪಾನ ಮಾಡುತ್ತಿದ್ದರು. ಐಸ್‌ಕ್ರೀಮ್ ಇಲ್ಲ, ಮೊಸರಿಲ್ಲ, ಸಂಜೆಯಾದರೆ ಕತ್ತಿಗೆ ಮಫ್ಲರ್.

ಜೊತೆಗೆ... ಮನೆಯಲ್ಲಿ ಮಾತಿಲ್ಲ.

ಹೆಂಡತಿ ವಸುಮತಿ ಏನಾದರೂ ಕೇಳಿದರೆ ಗಂಟಲು ಮುಟ್ಟಿ ತೋರಿಸುತ್ತಿದ್ದರು. ನಾಳೆ ರೆಕಾರ್ಡಿಂಗ್ ಇದೆ ಎಂದರ್ಥ. ಹಾಲ್‌ನಲ್ಲಿ ಕೂತು, ಅಡುಗೆಮನೆಯಲ್ಲಿದ್ದ ಆಕೆಗೆ 'ಕಾಫಿ' ಎಂದು ವಾಟ್ಸಾಪ್ ಮಾಡುತ್ತಿದ್ದರು.

ವಸುಮತಿ ಜಗಳವಾಡಲಿಲ್ಲ. ಮಕ್ಕಳಿಲ್ಲದ ಮನೆ. ಕುಕ್ಕರ್ ಕೂಗಿದರೆ ಅದೇ ದೊಡ್ಡ ಸದ್ದು...

ಒಂದು ವರ್ಷ ಚಳಿಗಾಲದ ಹೊತ್ತಿಗೆ ಕೈಯಲ್ಲಿದ್ದ ಸೀರಿಯಲ್ ಮುಗಿಯಿತು. ಮುಂದಿನದು ದೊಡ್ಡ ಕೆಲಸ... ಪೌರಾಣಿಕ ಸೀರಿಯಲ್, ಮುಖ್ಯ ಪಾತ್ರ. ಜೀವಮಾನವಿಡೀ ಕಾದಿದ್ದ ಅವಕಾಶ. ಆದರೆ ಶುರುವಾಗುವುದು ಯುಗಾದಿಯ ನಂತರ.

ಅಲ್ಲಿಯವರೆಗೆ ಬಿಡುವು.

ಚಿದಂಬರ ಅವರಿಗೆ ಸುಮ್ಮನೆ ಕೂರುವುದೆಂದರೆ ಮೈಗೆ ಹುಷಾರಿಲ್ಲದ ಹಾಗೆ. ಮೊದಮೊದಲು ಸ್ಟುಡಿಯೋದವರಿಗೆ ಫೋನ್ ಮಾಡಿದರು, "ಸಣ್ಣಪುಟ್ಟದ್ದೂ ಪರವಾಗಿಲ್ಲ" ಎಂದರು. ಏನೂ ಸಿಗಲಿಲ್ಲ.

ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಟಿವಿ ಆಫ್ ಆಯಿತು. ವಸುಮತಿ ಬಾಗಿಲ ಹತ್ತಿರ ಬಿಸಿಲಿಗೆ ಕೂತು ಅವರೆಕಾಳು ಹಿತುಕುತ್ತಿದ್ದರು. ಬೇರೆ ದಾರಿ ಕಾಣದೆ ಇವರೂ ಹೋಗಿ ಎದುರಿಗೆ ಕೂತರು.

"ನಿಮ್ಮ ಕೈಲಿ ಆಗಲ್ಲ, ಬಿಡ್ರೀ."

"ಯಾಕಾಗಲ್ಲ? ನಮ್ಮ ಸೋದರತ್ತೆ ಹಿತುಕೋದು ನೀನು ನೋಡಿಲ್ಲ ಕಣೆ..." ಎಂದವರೇ, ಕಾಳು ಹಿತುಕುತ್ತಾ ಇಡೀ ಬೀದಿಯವರನ್ನು ಬೈಯುತ್ತಿದ್ದ ಆ ಅತ್ತೆಯ ದನಿಯಲ್ಲೇ ಶುರುಮಾಡಿಬಿಟ್ಟರು.

ವಸುಮತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಕೆ ಹೀಗೆ ನಗುತ್ತಾಳೆ ಎಂಬುದೇ ಅವರಿಗೆ ಮರೆತುಹೋಗಿತ್ತು.

ಅಂದಿನಿಂದ ದಿನವೂ ಮಾತು. ಮೊದಲ ಸಲ ಮೈಕ್ ಮುಂದೆ ನಿಂತಾಗ ಹೇಳಬೇಕಾದ ಸಾಲೇ ಮರೆತಿದ್ದು, ಆಕೆಯನ್ನು ಹೆಣ್ಣು ನೋಡಲು ಹೋದಾಗ ಚಪ್ಪಲಿ ಅದಲುಬದಲಾಗಿದ್ದು... ಫೋನ್ ಎಲ್ಲಿದೆ ಎಂದೂ ಹುಡುಕುತ್ತಿರಲಿಲ್ಲ.

ಒಂದು ದಿನ ಮಾತು, ಹುಟ್ಟಿದ ದಿನವೇ ತೀರಿಹೋದ ತಮ್ಮ ಮಗುವಿನ ಕಡೆ ತಿರುಗಿತು. ಅಷ್ಟು ವರ್ಷ ಇಬ್ಬರೂ ಅದರ ಸುದ್ದಿ ಎತ್ತಿರಲಿಲ್ಲ.

"ಇದ್ದಿದ್ರೆ ಏನು ಹೆಸರಿಡ್ತಿದ್ವಿ, ವಸೂ?"

"ನಾನು ಇಟ್ಟಿದ್ದೆ... ನೀವು ಕೇಳಲಿಲ್ಲ."

"ಈಗ ಕೇಳ್ತಿದೀನಿ."

"ಮಂದಾರ."

ಚಿದಂಬರ ಒಳಕೋಣೆಯ ಕಡೆ ತಿರುಗಿದರು. ಆಮೇಲೆ, ಒಳಗೆ ಆಡುತ್ತಿರುವ ಮಗುವನ್ನು ಊಟಕ್ಕೆ ಕರೆಯುವ ಹಾಗೆ, "ಮಂದಾರಾ..." ಎಂದು ಕರೆದರು.

ವಸುಮತಿ ಬಿಕ್ಕಿ ಬಿಕ್ಕಿ ಅತ್ತರು. ಅವರ ಬದುಕಿನಲ್ಲಿ ಅದಕ್ಕಿಂತ ಒಳ್ಳೆಯ ದಿನ ಬಂದಿರಲಿಲ್ಲ.

ಸಂಕ್ರಾಂತಿ ಕಳೆಯಿತು. ಚಿದಂಬರ ಅವರ ದನಿ ಒಡೆಯತೊಡಗಿತು. ಚಳಿಗೆ ಇರಬೇಕು ಎಂದುಕೊಂಡರು. ಕಷಾಯ ಕುಡಿದರು. ದನಿ ಸರಿಹೋಗಲಿಲ್ಲ.

"ಒಂದ್ಸಲ ತೋರಿಸ್ಕೊಂಡು ಬರೋಣ ಬನ್ನಿ, ಹೊಸ ಕೆಲಸ ಬೇರೆ ಶುರುವಾಗುತ್ತೆ," ಎಂದು ವಸುಮತಿಯೇ ಹೊರಡಿಸಿದರು.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರ್ ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡರು. ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು.

"ಆಮೇಲೆ ಮಾತು?" ಎಂದರು ಚಿದಂಬರ.

"ಗಂಟಲಿಗೆ ಮೆಷಿನ್ ಇಟ್ಕೊಂಡು ಮಾತಾಡೋದು ಅಭ್ಯಾಸ ಮಾಡ್ಬಹುದು ಸಾರ್... ಆದ್ರೆ ಈ ದನಿ ವಾಪಸ್ ಬರಲ್ಲ."

ಆಟೋದಲ್ಲಿ ವಸುಮತಿ ತಡೆಯಲಾರದೆ ಹೇಳಿದರು, "ನನ್ನಿಂದಾನೇ ಆಗಿದ್ದು. ದಿನಾ ಅಷ್ಟೊಂದು ಮಾತಾಡಿಸ್ಬಿಟ್ಟೆ..."

"ಮಾತಾಡಿದ್ದಕ್ಕೆ ಬಂದಿದ್ದಲ್ಲ ಅಂತ ಡಾಕ್ಟರೇ ಹೇಳಿದ್ರಲ್ಲ ಕಣೆ. ಮೊದಲಿಂದಾನೇ ಒಳಗೊಳಗೆ ಇತ್ತಂತೆ." ಅವರು ಆಕೆಯ ಕೈ ಹಿಡಿದುಕೊಂಡರು. "ಈ ಗಂಟಲು ಕಾಯ್ದೆ, ಕಾಯ್ದೆ... ನಿನ್ನ ಹತ್ರನೂ ಆಡದೆ ಕಾಯ್ದೆ. ಏನು ಉಳೀತು, ಹೇಳು?"



ಆಪರೇಷನ್ ಆಯಿತು. ಜೀವ ಉಳಿಯಿತು. ಆ ಸೀರಿಯಲ್ ಇನ್ಯಾರದೋ ದನಿಯಲ್ಲಿ ಶುರುವಾಯಿತು. ಮೆಷಿನ್ ತಂದರು... ಅದರಿಂದ ಬಂದ ಸದ್ದು ಕೇಳಿ ಚಿದಂಬರ ಅದನ್ನು ಬೀರುವಿನಲ್ಲಿಟ್ಟು ಬಾಗಿಲು ಹಾಕಿದರು.

ಈಗ ಬಿಡುವೋ ಬಿಡುವು. ಕೊನೆಯೇ ಇಲ್ಲದ ಬಿಡುವು. ಎದುರೆದುರು ಕೂರುತ್ತಾರೆ... ವಸುಮತಿಯೊಬ್ಬರೇ ಮಾತಾಡುತ್ತಾರೆ, ಸ್ವಲ್ಪ ಹೊತ್ತಿಗೆ ಆಕೆಯೂ ಸುಮ್ಮನಾಗುತ್ತಾರೆ.

ಮೊನ್ನೆ ಟಿವಿಯಲ್ಲಿ ಹಳೆಯ ಸೀರಿಯಲ್ ಮರುಪ್ರಸಾರವಾಗುತ್ತಿತ್ತು. ರಾಜ ತನ್ನ ರಾಣಿಯನ್ನು ಕರೆಯುತ್ತಿದ್ದ. ಅದೇ ದನಿ. ವಸುಮತಿ ಒಲೆಯ ಮೇಲೆ ಹಾಲಿಟ್ಟಿದ್ದನ್ನೂ ಮರೆತು ಓಡಿಬಂದರು.

ಒಂದೆರಡು ಮಾತು ಕೇಳಿಸಿಕೊಂಡು, ಮೆಲ್ಲಗೆ ಟಿವಿ ಆಫ್ ಮಾಡಿದರು.

"ಇದು ಯಾರೋ ಬರೆದುಕೊಟ್ಟ ಮಾತು... ನೀವು ಹೀಗೆ ಮಾತಾಡಲ್ಲ," ಎಂದರು.

ಯಾವ್ಯಾವುದೋ ರಾಣಿಯರ ಹೆಸರು ಚಿದಂಬರ ಅವರ ದನಿಯಲ್ಲಿ ಇನ್ನೂ ಎಷ್ಟೋ ವರ್ಷ ಕೇಳುತ್ತಿರುತ್ತದೆ. 'ವಸೂ' ಎಂದು ಕರೆದದ್ದು ಮಾತ್ರ ಯಾವ ರೆಕಾರ್ಡಿಂಗ್‌ನಲ್ಲೂ ಇಲ್ಲ...

ಎರಡು ಕೆಲಸಗಳ ನಡುವೆ ಸಿಗುವ ಬಿಡುವು ಮುಂದಿನ ಕೆಲಸಕ್ಕೆ ಕಾಯುವ ಹೊತ್ತಲ್ಲ... ಅದು ನಿಮ್ಮವರಿಗೆ ಸೇರಬೇಕಾದ ಆಯಸ್ಸು.

ಇವತ್ತು ಮನೆಯವರ ಹತ್ತಿರ ಆಡದೆ ಉಳಿಸಿಕೊಂಡ ಮಾತನ್ನು... ನೀವು ಯಾರಿಗಾಗಿ ಕೂಡಿಡುತ್ತಿದ್ದೀರಿ?